ಮದ್ದಿನ ಬಾಣವೂ ಅದರ ರಸಾಯನವೂ

ಏಪ್ರಿಲ್ 17ರ ರಾತ್ರಿ ಪುತ್ತೂರು ಶ್ರೀ ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವದಲ್ಲಿ ಸುಡುವ ‘ಬೆಡಿ’ಯು ಪುತ್ತೂರು, ಸುಳ್ಯ, ಕಡಬಗಳ ಆಬಾಲವೃದ್ಧರಿಗೂ ಪರಿಚಿತವಾದುದು. ಬಾನಿಗೇರುವ ಬಾಣಬಿರುಸುಗಳ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಲು ಎಂಬ ಮೂರರ ಮಿಶ್ರಣವು. ಗಂಧಕವೂ ಇದ್ದಲೂ ಉರಿಯತಕ್ಕವು. ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸತಕ್ಕುದು ಪೆಟ್ಲುಪ್ಪು. 1763ರಲ್ಲಿ ಬಿದನೂರನ್ನೂ ಕೆನರಾ ಸೀಮೆಯನ್ನೂ ಗೆದ್ದ ಹೈದರಾಲಿಯ ಮತ್ತು ಅವನ ಮಗ ಟೀಪುವಿನ ಸೈನ್ಯದ ಬಾಣಗಳಲ್ಲಿದ್ದುದೂ ಇದೇ ಬಗೆಯ ಮದ್ದು.

ಹಾಗಾದರೆ ಮೈಸೂರಿನವರ ಹೆಚ್ಚಳವೇನು? ಬಿದಿರು, ಕಾಗದಗಳ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯನ್ನು ಬಳಸಿದುದೇ. ಒತ್ತಡವನ್ನು ತಾಳಬಲ್ಲ ಕಬ್ಬಿಣದೊಳಗೆ ಮದ್ದನ್ನು ಗಿಡಿದು ತುಂಬಬಹುದು. ಉರಿದ ಅನಿಲವು ಅತಿವೇಗದಿಂದ ಹೊರಹೊಮ್ಮಿ ಬಾಣವನ್ನು ಬಹುದೂರಕ್ಕೊಯ್ಯುವುದು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯು ಇವುಗಳ ಪೆಟ್ಟನ್ನುಂಡಿತು. ಬಿದನೂರೇ ಆದ ಇಂದಿನ ನಗರದಲ್ಲಿ, 2018ರಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ಬಾಣಗಳು ದೊರೆತುವು.

ಕೊಳವೆಯು ಹೊಸತಾಯಿತು, ಮದ್ದು ಹಳೆಯದೇ ಉಳಿಯಿತು. 1788ರಲ್ಲಿ ಟೀಪುವಿನ ರಾಯಭಾರಿಗಳು ಫ್ರಾನ್ಸಿಗೆ ಹೋಗಿ 16ನೆಯ ಲೂಯಿ ದೊರೆಯಲ್ಲಿ ಸೈನ್ಯವನ್ನೂ ಕುಶಲಕರ್ಮಿಗಳನ್ನೂ ಬೇಡಿದರು. ಅದೇ ವರ್ಷ ಪ್ಯಾರಿಸಿಗೆ ಸಮೀಪದ ಎಸೋನಿನಲ್ಲಿ ಲವಾಸಿಯೇ, ಬೆರ್ತೊಲೆ ಎಂಬ ರಸಾಯನಜ್ಞರು ಪೆಟ್ಲುಪ್ಪಿಗೆ ಬದಲು ಪೊಟಾಸಿಯಂ ಕ್ಲೋರೇಟೆಂಬ ಹೊಸ ಲವಣದಿಂದ ಮದ್ದು ಮಾಡುವ ಪ್ರಯೋಗದಲ್ಲಿದ್ದರು. ಅದು ಸಿಡಿದು ಇಬ್ಬರು ಮಡಿದರು. ಪ್ರಯೋಗವು ಕೆಟ್ಟಿತಾದರೂ ಅದರ ಹಿಂದಣ ವಿಚಾರವು ಕೆಡಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮೈಸೂರಿನ ಬಾಣಗಳು ಇಂಗ್ಲೆಂಡನ್ನು ಸೇರಿ, ಕಾಂಗ್ರೀವನ ಬಾಣಗಳಿಗೆ ಮಾದರಿಯಾದುವು. ಅವನದೂ ಕರಿಮದ್ದೇ. ಮದ್ದೇ ಬದಲಾದುದು 20ನೆಯ ಶತಮಾನದಲ್ಲಿ. ಒಂದು ಕಿಲೋಗ್ರಾಂ ಇಂಧನವು ಒಂದು ಕಿಲೋಗ್ರಾಂ ತೂಕದಷ್ಟು ನೂಕುಬಲವನ್ನು ಎಷ್ಟು ಸೆಕೆಂಡು ಕೊಡಬಲ್ಲುದೆಂಬುದು ಇಲ್ಲಿಯ ಅಳತೆಗೋಲು. ಕರಿಮದ್ದಿಗೆ ಸುಮಾರು 80. ಅಮೋನಿಯಂ ಪರ್‌ಕ್ಲೋರೇಟ್, ಅಲ್ಯೂಮಿನಿಯಂ ಪುಡಿ, ರಬ್ಬರಿನಂಥ ಅಂಟು ಕೂಡಿದ ಘನ ಇಂಧನಕ್ಕೆ ಸುಮಾರು 260. ದ್ರವ ಜಲಜನಕ, ದ್ರವ ಆಮ್ಲಜನಕಗಳಿಗೆ ಸುಮಾರು 450. ಪರ್‌ಕ್ಲೋರೇಟಿನ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುವುದರಿಂದ ಕ್ಲೋರಿನ್ ಇಲ್ಲದ ಅಮೋನಿಯಂ ಡೈನೈಟ್ರಮೈಡಿನಂಥ ಲವಣಗಳ ಶೋಧನೆಯೂ ಸಾಗಿದೆ.

ಕಬ್ಬಿಣವನ್ನು ಪಳಗಿಸಿದ ಕೈಗೆ ರಸಾಯನದ ಕಣ್ಣು ಜತೆಗೂಡದೆ ಹೋದುದೇ ಮೈಸೂರು ಬಾಣದ ಕೊರತೆ. 2014ರ ಜನವರಿ 5ರಂದು ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಇಸ್ರೋ ಸಂಸ್ಥೆಯು ದ್ರವ ಜಲಜನಕದ ಸ್ವದೇಶೀ ಯಂತ್ರದಿಂದ ಉಪಗ್ರಹವನ್ನು ಕಕ್ಷೆಗೇರಿಸಿದಾಗ, ಆ ಕೈಯೂ ಆ ಕಣ್ಣೂ ಒಂದೇ ಮನೆಯಲ್ಲಿದ್ದುವು.