ಮನೆ ರಕ್ಷಣೆಯ ಕೋವಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ 13(3)ನೇ ಕಲಂ ಮತ್ತು ಕೊಡಗಿನ ವಿನಾಯಿತಿ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಮನೆಯ ರಕ್ಷಣೆಗೆ ಯಾವ ಬಂದೂಕು ತಕ್ಕದ್ದು ಎಂಬುದನ್ನು ಸಾಮಾನ್ಯವಾಗಿ ನಳಿಗೆ, ತೋಟಾ, ತೂಕಗಳ ಲೆಕ್ಕದಲ್ಲಿ ಚರ್ಚಿಸಲಾಗುತ್ತದೆ. ಭಾರತದ ಮಟ್ಟಿಗೆ ಈ ಆಯ್ಕೆಯ ಬಹುಭಾಗ ಕೊಳ್ಳುವವನ ಕೈಗೆ ಬರುವ ಮೊದಲೇ ಶಾಸನದಲ್ಲಿ ನಿರ್ಧಾರವಾಗಿದೆ ಎಂಬುದಷ್ಟೇ ಇಲ್ಲಿಯ ಪ್ರತಿಪಾದನೆ. ಮುಖ್ಯ ಆಧಾರಗಳು ಮೂರು: 1959ರ ಶಸ್ತ್ರಾಸ್ತ್ರ ಕಾಯ್ದೆ (ಜಾರಿ: 1 ಅಕ್ಟೋಬರ್ 1962), 1962ರ ನಿಯಮಗಳ ಅನುಸೂಚಿ, ಕೊಡಗಿಗೆ ಸಂಬಂಧಿಸಿದ ಅಧಿಸೂಚನೆಗಳು. ಯಾವ ಆಯುಧ ಹೆಚ್ಚು ಪರಿಣಾಮಕಾರಿ ಎಂಬ ಪ್ರಶ್ನೆ ಟಿಪ್ಪಣಿಯ ಹೊರಗಿನದು.

2. ಕಲಂ 13(3): ಎರಡು ದಾರಿಗಳು

ಪರವಾನಗಿ ನೀಡಿಕೆಯನ್ನು ಈ ಉಪಕಲಂ ಎರಡಾಗಿ ಒಡೆಯುತ್ತದೆ. (ಅ) ಭಾರತದ ಪ್ರಜೆಯೊಬ್ಬರು ರಕ್ಷಣೆಗೆ ಅಥವಾ ಕ್ರೀಡೆಗೆಂದು 20 ಇಂಚಿಗೆ (50.8 ಸೆಂ.ಮೀ.) ಕಡಿಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಕೋವಿಯನ್ನು ಕೇಳಿದರೆ, ಅಥವಾ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದರೆ, ಪ್ರಾಧಿಕಾರ ಪರವಾನಗಿ ನೀಡತಕ್ಕದ್ದು. (ಆ) ರಕ್ಷಣೆಗೆ ಸಂಬಂಧಿಸಿದ ಉಳಿದ ಎಲ್ಲ ಸಂದರ್ಭಗಳಲ್ಲಿ ಅರ್ಜಿದಾರರಿಗೆ 'ಸಮರ್ಪಕ ಕಾರಣ' ಇದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ರಕ್ಷಣೆಗೆಂದು ಕೇಳುವ ಪಿಸ್ತೂಲು, ರಿವಾಲ್ವರ್, ರೈಫಲ್‌ಗಳು ಈ ಎರಡನೆಯ ದಾರಿಗೆ ಸೇರುತ್ತವೆ.

ಮೊದಲನೆಯ ದಾರಿಯೂ ನಿರುಪಾಧಿಕವಲ್ಲ. ಹತ್ತಿರದ ಪೊಲೀಸ್ ಠಾಣೆಯ ವರದಿ, 14ನೇ ಕಲಮಿನ ನಿರಾಕರಣೆಯ ಆಧಾರಗಳು ಎರಡಕ್ಕೂ ಅನ್ವಯಿಸುತ್ತವೆ. ಆದರೂ ರುಜುವಾತಿನ ಹೊರೆಯಲ್ಲಿ ವ್ಯತ್ಯಾಸವಿರುವುದು ಸ್ಪಷ್ಟ. ಕಾಯ್ದೆಯ ಪದ 'ರಕ್ಷಣೆ' ಮಾತ್ರ; ಮನೆ, ದೇಹ, ಆಸ್ತಿ ಎಂಬ ವಿಂಗಡಣೆ ಅಲ್ಲಿಲ್ಲ. ಆದ್ದರಿಂದ ಮನೆ ರಕ್ಷಣೆ ಅದರೊಳಗೆ ಬರುತ್ತದೆ ಎಂಬುದು ಸಹಜವಾದ, ಆದರೆ ಊಹಿತವಾದ, ಓದು.

3. ನಳಿಗೆಯ ಉದ್ದ

2016ರವರೆಗೆ ಜಾರಿಯಲ್ಲಿದ್ದ 1962ರ ನಿಯಮಗಳ ಮೊದಲ ಅನುಸೂಚಿಯಲ್ಲಿ 20 ಇಂಚಿಗಿಂತ ಗಿಡ್ಡ ನಳಿಗೆಯ ನುಣುಪು ಕೋವಿಗಳನ್ನು 1(ಬಿ) ವರ್ಗದಲ್ಲಿ, ಅರೆಸ್ವಯಂಚಾಲಿತ ಬಂದೂಕುಗಳ ಜೊತೆಗೆ ಇಡಲಾಗಿತ್ತು. ಮನೆಯೊಳಗಿನ ಇಕ್ಕಟ್ಟಿಗೆ ಗಿಡ್ಡ ನಳಿಗೆ ಅನುಕೂಲವೆಂಬ ವಾದ ಬೇರೆಡೆ ಎಷ್ಟೇ ಪ್ರಬಲವಾಗಿರಲಿ, ಇಲ್ಲಿ ಅದು ಈ ಮಿತಿಗೆ ಬಂದು ನಿಲ್ಲುತ್ತದೆ. ಉಳಿಯುವುದು ಪರವಾನಗಿ ಪುಸ್ತಕಗಳಲ್ಲಿ ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ನಮೂದಾಗುವ ಒಂಟಿನಳಿಗೆ, ಜೋಡಿನಳಿಗೆ ತೋಟಾ ಕೋವಿಗಳು. ಇವುಗಳಲ್ಲಿ ಸಾಮಾನ್ಯವಾದುದು 12 ಬೋರ್: ನಳಿಗೆಯ ವ್ಯಾಸದ 12 ಸೀಸದ ಗುಂಡುಗಳು ಒಂದು ಪೌಂಡ್ ತೂಗುವ ಅಳತೆ, ಸುಮಾರು 18.5 ಮಿ.ಮೀ. ಗಮನಿಸಬೇಕಾದ ಅಂಶ: ನುಣುಪು ನಳಿಗೆಯ ಕೋವಿಯ ಮಟ್ಟಿಗೆ 13(3)ರಲ್ಲಿ ಬೋರಿನ ಉಲ್ಲೇಖವಿಲ್ಲ, ಉದ್ದ ಮತ್ತು ಒಳಮೈಯಷ್ಟೇ ಮಾನದಂಡ.

4. ಸಂಖ್ಯೆಯ ಮಿತಿ

1983ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕುಗಳ ಮಿತಿ ಹಾಕಿತು. 2019ರ ತಿದ್ದುಪಡಿ (ಜಾರಿ: 14 ಡಿಸೆಂಬರ್ 2019) ಅದನ್ನು ಎರಡಕ್ಕೆ ಇಳಿಸಿತು. ಮಂಡಿಸಿದ ಮಸೂದೆಯಲ್ಲಿದ್ದುದು ಒಂದು, ಅಂಗೀಕಾರವಾದದ್ದು ಎರಡು. ಮಸೂದೆಯನ್ನು ಆಧರಿಸಿದ ಬರಹಗಳಲ್ಲಿ ಒಂದು ಎಂದಿದ್ದರೆ ಅದನ್ನು ಶಾಸನದ ಪಾಠದೊಂದಿಗೆ ಹೋಲಿಸಿಯೇ ಬಳಸಬೇಕು. ವಂಶಪಾರಂಪರ್ಯವಾಗಿ ಬಂದ ಬಂದೂಕೂ ಈ ಎರಡರ ಲೆಕ್ಕದೊಳಗೇ ಸೇರುತ್ತದೆ.

5. ಕೊಡಗು: ಮೂರು ದಿನಾಂಕಗಳು

ಮೇಲೆ ಹೇಳಿದ ಪರವಾನಗಿಯ ಹಂತದಿಂದ ಕೊಡಗಿನಲ್ಲಿ ಕೆಲವರಿಗೆ ವಿನಾಯಿತಿಯಿದೆ.

5.1. 26 ಫೆಬ್ರವರಿ 1861: ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಕೊಡವರನ್ನು ಹೊರತುಪಡಿಸಿತು. ಅದರಲ್ಲಿ ಹೆಸರಿಸಿರುವುದು ಕೊಡವರನ್ನು ಮಾತ್ರ.

5.2. 6 ಜುಲೈ 1963: ಕೇಂದ್ರದ ಅಧಿಸೂಚನೆ ಕೊಡವ ಜನಾಂಗದವರ ಜೊತೆಗೆ ಜಮ್ಮಾ ಹಿಡುವಳಿದಾರರನ್ನೂ ಹೆಸರಿಸುತ್ತದೆ. ಜಮ್ಮಾ ಭೂ ಹಿಡುವಳಿಯ ಒಂದು ಬಗೆಯಾದ್ದರಿಂದ ಈ ಎರಡನೆಯ ವರ್ಗ ಜನಾಂಗದ ಗಡಿಗೆ ಸೀಮಿತವಲ್ಲ. ವಿನಾಯಿತಿಯನ್ನು 'ಕೊಡವರ ಹಕ್ಕು' ಎಂದಷ್ಟೇ ಬರೆಯುವುದು 1861ಕ್ಕೆ ಹೊಂದೀತು, 1963ಕ್ಕೆ ಹೊಂದದು.

5.3. 29 ಅಕ್ಟೋಬರ್ 2019: ವಿನಾಯಿತಿ ಮುಂದುವರಿಯಿತು, ಆದರೆ 31 ಅಕ್ಟೋಬರ್ 2029ರವರೆಗೆ. ಕರ್ನಾಟಕ ಹೈಕೋರ್ಟ್ 22 ಸೆಪ್ಟೆಂಬರ್ 2021ರಂದು ಇದನ್ನು ಎತ್ತಿಹಿಡಿದಾಗ ಈ ಅವಧಿಮಿತಿಯನ್ನೂ ಗಣಿಸಿತು.

ಒಂದು ವ್ಯತ್ಯಾಸ ದಾಖಲಾರ್ಹ. 2019ರ ಪತ್ರಿಕಾ ವರದಿಗಳು ಪಿಸ್ತೂಲು, ರಿವಾಲ್ವರ್, ಜೋಡಿನಳಿಗೆ ಕೋವಿಗಳನ್ನು ಪಟ್ಟಿ ಮಾಡಿದವು. ಆದರೆ 1963ರ ಷರತ್ತು, ಜಿಲ್ಲೆಯ ಹೊರಗೆ ಇಟ್ಟುಕೊಳ್ಳಬಹುದಾದುದನ್ನು 100 ಗುಂಡುಗಳೊಡನೆ ಒಂದು ರೈಫಲ್, 500 ತೋಟಾ ಅಥವಾ ಅದಕ್ಕೆ ಸಮನಾದ ಚರೆ-ಮದ್ದಿನೊಡನೆ ಒಂದು ನುಣುಪು ನಳಿಗೆಯ ಕೋವಿ ಎಂದು ನಿಗದಿಪಡಿಸುತ್ತದೆ, ಕೈಬಂದೂಕು ಅಲ್ಲಿಲ್ಲ. ಷರತ್ತನ್ನು ರೂಪಿಸಿದವರ ಕಣ್ಣಮುಂದೆ ಇದ್ದುದು ಉದ್ದ ನಳಿಗೆಯ ಆಯುಧವೇ ಇರಬಹುದು. ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಇಡುವುದೂ ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಹಾರಿಸುವುದೂ ಕೋವಿಯನ್ನೇ ಎಂಬುದು ಈ ಊಹೆಗೆ ಪೂರಕ, ಪುರಾವೆಯಲ್ಲ.

6. ಇಟ್ಟುಕೊಳ್ಳುವುದು ಮತ್ತು ಬಳಸುವುದು

ಪರವಾನಗಿಯಾಗಲಿ ವಿನಾಯಿತಿಯಾಗಲಿ ಹೊಂದಿರುವುದಕ್ಕೆ ಸಂಬಂಧಿಸಿದ್ದು. ಬಳಕೆಯನ್ನು ಅಳೆಯುವುದು ಆತ್ಮರಕ್ಷಣೆಯ ಹಕ್ಕಿನ ಕಲಮುಗಳು: 1860ರ ದಂಡಸಂಹಿತೆಯಲ್ಲಿ 96ರಿಂದ 106, 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44. ಆಸ್ತಿ ರಕ್ಷಣೆಯಲ್ಲಿ ಪ್ರಾಣಹಾನಿಯವರೆಗೂ ಹಕ್ಕು ವಿಸ್ತರಿಸುವ ಸಂದರ್ಭಗಳಲ್ಲಿ ಹಳೆಯ 103ನೇ ಕಲಂ 'ರಾತ್ರಿ ಕನ್ನ'ವನ್ನು ಹೆಸರಿಸಿತ್ತು. ಹೊಸ 41ನೇ ಕಲಂ 'ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು' ಎನ್ನುತ್ತದೆ. ಹಳೆಯ 446ನೇ ಕಲಮಿನ ವ್ಯಾಖ್ಯೆಯೂ ಇದೇ ಆದ್ದರಿಂದ ಈ ಬದಲಾವಣೆ ಬಹುಶಃ ಪಾಠದ್ದು, ತಿರುಳಿನದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿ (ಹಳೆಯ 99, ಹೊಸ 37) ಎರಡರಲ್ಲೂ ಇದೆ. ಆಯುಧದ ಬಗೆಯನ್ನು ಆಧರಿಸಿದ ಭೇದ ಈ ಕಲಮುಗಳಲ್ಲಿಲ್ಲ.

7. ತಾತ್ಕಾಲಿಕ ತೀರ್ಮಾನಗಳು

(1) ಮನೆ ರಕ್ಷಣೆಗೆ ಉದ್ದ, ನುಣುಪು ನಳಿಗೆಯ ಕೋವಿಗೆ 1959ರ ಕಾಯ್ದೆ ಸುಗಮ ದಾರಿ ಕೊಟ್ಟಿದೆ. ಕೈಬಂದೂಕಿಗೆ ಹೆಚ್ಚಿನ ಸಮರ್ಥನೆ ಬೇಡುತ್ತದೆ. (2) ಕೊಡಗಿನ ವಿನಾಯಿತಿ ಪರವಾನಗಿಯ ಹಂತವನ್ನು ಬಿಡಿಸುತ್ತದೆ, ಬಳಕೆಯ ಹೊಣೆಯನ್ನಲ್ಲ. (3) 1861, 1963, 2019ರ ಪಾಠಗಳನ್ನು ಒಂದೇ ಹಕ್ಕಿನ ಅಖಂಡ ಮುಂದುವರಿಕೆಯೆಂದು ಓದುವಾಗ ಫಲಾನುಭವಿ ವರ್ಗದಲ್ಲೂ ಅವಧಿಯಲ್ಲೂ ಆಗಿರುವ ಬದಲಾವಣೆಯನ್ನು ನಮೂದಿಸುವುದು ಅಗತ್ಯ.