ಹಾಡಲು ಬಾರದ ಮಗು ಎಲ್ಲಿಗೆ ಹೋಗಬೇಕಿತ್ತು?

ಬೆಂಗಳೂರಿನಲ್ಲಿ ಕೂತು "ಇಂಥ ಮಕ್ಕಳಿಗೆ ಒಂದು ಒಳ್ಳೇ ಸಂಸ್ಥೆ ಇರಬೇಕಪ್ಪ" ಅನ್ನೋದು ಸುಲಭ. ಯಾವ ಮಕ್ಕಳಿಗೆ, ಎಷ್ಟು ದೂರದಲ್ಲಿ ಅಂತ ಕೇಳಿದರೆ ಕೊಪ್ಪಳ ಸೀಮೆಯ ಚರಿತ್ರೆ ತೆರೆದುಕೊಳ್ಳುತ್ತೆ.

ಅಂಧ ಮತ್ತು ಕಿವುಡ ಮಕ್ಕಳಿಗೆ ಮೈಸೂರಿನಲ್ಲಿ ಶಾಲೆ ಶುರುವಾಗಿದ್ದು 1901ರಲ್ಲಿ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಮೈಸೂರು ಅಂದರೆ ಬೇರೆ ರಾಜ, ಬೇರೆ ರಾಜ್ಯ. ಹತ್ತಿರವಿದ್ದದ್ದು ಗದಗ. ಅದೂ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಆದರೆ ಕೊಪ್ಪಳದಿಂದ ಅದೇ ರೈಲು ದಾರಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ನೀವು ಕೇಳಿರ್ತೀರಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅನ್ನದ ಖರ್ಚಿಗೆ ಭಕ್ತರ ಕಾಣಿಕೆ ಜೊತೆ ನಾಟಕ ಕಂಪನಿಯ ಗಳಿಕೆ! ಅಲ್ಲಿ ಅಂಧರು, ಅನಾಥರು, ಬಡ ಮಕ್ಕಳು ಒಟ್ಟಿಗೇ ಕಲಿತರು. ಕಣ್ಣು ಕಾಣುವ ಬಸವರಾಜ ರಾಜಗುರು, ವೆಂಕಟೇಶ್ ಕುಮಾರ್ ಕೂಡ ಈ ಗುರುಮನೆಯವರೇ. ಇವತ್ತು ನಾವು 'ಇನ್‌ಕ್ಲೂಸಿವ್' ಅಂತ ಸ್ಲೈಡ್ ಮೇಲೆ ಬರೆಯೋದನ್ನು ಅವರು ಊಟದ ಪಂಕ್ತಿಯಲ್ಲೇ ಮಾಡಿದ್ದರು.

ಆದರೆ ಈ ವ್ಯವಸ್ಥೆ ನಿಂತದ್ದು ಒಂದು ಲೆಕ್ಕಾಚಾರದ ಮೇಲೆ: ಅಂಧ ಮಗು ಹಾಡುತ್ತದೆ, ಹಾರ್ಮೋನಿಯಂ ನುಡಿಸುತ್ತದೆ, ದೊಡ್ಡದಾದ ಮೇಲೆ ಕೀರ್ತನೆ ಮಾಡಿಯೋ ಪಾಠ ಹೇಳಿಯೋ ಬದುಕುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗು? ಬುದ್ಧಿಮಾಂದ್ಯ ಮಗು? ಅವರ ಸಂಸ್ಥೆ ಅಂದರೆ ತಾಯಿ. ಅವಳು ಹೊಲಕ್ಕೆ ಹೋದಾಗ, ಅಜ್ಜಿ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾಡು ಒಂದಾಯಿತು, 1997ರಲ್ಲಿ ಕೊಪ್ಪಳ ಜಿಲ್ಲೆಯೂ ಆಯಿತು. 1995ರ ಅಂಗವಿಕಲರ ಕಾಯ್ದೆ 7 ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು, 2016ರದ್ದು 21. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ತೀವ್ರ ನ್ಯೂನತೆಯ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು.

ಹಕ್ಕೇನೋ ಮನೆ ಬಾಗಿಲಿಗೆ ಬಂತು. ಅದನ್ನು ಹೊತ್ತು ತರೋರು ಯಾರು? ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ತಾವೂ ಅಂಗವಿಕಲರೇ, ಸಿಗುವುದು ಸಂಬಳವಲ್ಲ, ಗೌರವಧನ. ಹಿಂದೆ ಮಗು ರೈಲು ಹತ್ತಿ ಗದಗಿಗೆ ಹೋಗಬೇಕಿತ್ತು. ಈಗ ಸಂಸ್ಥೆಯೇ ಕುಷ್ಟಗಿಯ ಯಾವುದೋ ಓಣಿಗೆ ನಡೆದು ಬರಬೇಕು. ಬರುವವರಿಗೆ ಮೊದಲು ಒಂದು ಸಂಬಳ ಬೇಡವೇ?