ಯಕೃತ್ತಿನ ನಡುಭಾಗದ ಕ್ಯಾನ್ಸರ್: ಉಳಿಕೆಯ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ

ಪಿತ್ತಕೋಶದ ತಗ್ಗಿನಿಂದ ಕೆಳ ಮಹಾಭಿಧಮನಿಯವರೆಗೆ ಜೇಮ್ಸ್ ಕ್ಯಾಂಟ್ಲಿ 1897ರಲ್ಲಿ ಗುರುತಿಸಿದ ರೇಖೆಯೇ ಯಕೃತ್ತಿನ ಬಲ ಮತ್ತು ಎಡ ಭಾಗಗಳ ನಿಜವಾದ ಗಡಿ. ಮಧ್ಯ ಯಕೃತ್ ಅಭಿಧಮನಿ ಹರಿಯುವುದು ಇದೇ ರೇಖೆಯ ಆಳದಲ್ಲಿ. ಕ್ಲೋಡ್ ಕ್ವಿನೋ 1957ರಲ್ಲಿ ವಿವರಿಸಿದ ಎಂಟು ಖಂಡಗಳ ಪೈಕಿ 4, 5 ಮತ್ತು 8ನೆಯವು ಈ ರೇಖೆಯ ಇಕ್ಕೆಲಗಳಲ್ಲಿವೆ. ಅಲ್ಲಿ ಬೆಳೆದ ಗಡ್ಡೆ ಎರಡೂ ಪಾರ್ಶ್ವಗಳ ಪೋರ್ಟಲ್ ಶಾಖೆಗಳಿಗೂ ಪಿತ್ತನಾಳಗಳಿಗೂ ಒತ್ತಿಕೊಂಡಿರುತ್ತದೆ.

ಇಂಥ ಗಡ್ಡೆಗೆ ಬಹುಕಾಲದಿಂದ ರೂಢಿಯಲ್ಲಿರುವ ಮಾರ್ಗ ವಿಸ್ತೃತ ಬಲ ಛೇದನ. ಅದರಲ್ಲಿ 4ರಿಂದ 8ರವರೆಗಿನ ಖಂಡಗಳೆಲ್ಲ ಹೋಗುತ್ತವೆ. ಅನೇಕರಲ್ಲಿ ಉಳಿಯುವುದು ಯಕೃತ್ತಿನ ಸುಮಾರು ಐದನೇ ಒಂದು ಭಾಗ. ಆರೋಗ್ಯವಂತ ಯಕೃತ್ತು ಶೇ. 20ರಿಂದ 25ರಷ್ಟು ಉಳಿಕೆಯಲ್ಲೂ ಚೇತರಿಸಿಕೊಳ್ಳಬಲ್ಲದು. ಸಿರೋಸಿಸ್ ಆದ ಯಕೃತ್ತಿಗೆ ಸುಮಾರು ಶೇ. 40 ಬೇಕು. ಯಕೃತ್ ಜೀವಕೋಶದ ಕ್ಯಾನ್ಸರ್ ಹುಟ್ಟುವುದು ಬಹುಪಾಲು ಸಿರೋಸಿಸ್‌ನ ಹಿನ್ನೆಲೆಯಲ್ಲೇ ಆದ್ದರಿಂದ ಈ ಲೆಕ್ಕ ಹಲವರ ಪಾಲಿಗೆ ಹೊಂದುವುದಿಲ್ಲ. ಮೆಕ್‌ಬ್ರೈಡ್ ಮತ್ತು ವ್ಯಾಲೇಸ್ 1972ರಲ್ಲಿ ವರದಿ ಮಾಡಿದ ಮಧ್ಯ ಯಕೃತ್ ಛೇದನ ನಡುವಿನ ಖಂಡಗಳನ್ನಷ್ಟೇ ತೆಗೆದು, ಬಲದ 6 ಮತ್ತು 7, ಎಡದ 2 ಮತ್ತು 3ನೇ ಖಂಡಗಳನ್ನು ಉಳಿಸುತ್ತದೆ.

ಅದಕ್ಕೆ ತೆರಬೇಕಾದ ಬೆಲೆ ಎರಡು ಕೊಯ್ತದ ಮೈಗಳು. ಎಡ ಮೈ ಫಾಲ್ಸಿಫಾರ್ಮ್ ಬಂಧದ ಬಲಕ್ಕೆ ಸಾಗುತ್ತದೆ. ಅಲ್ಲಿ 4ನೇ ಖಂಡಕ್ಕೆ ಹೋಗುವ ಕವಲುಗಳನ್ನು ಮಾತ್ರ ಕಟ್ಟಬೇಕು, 2 ಮತ್ತು 3ರ ಕವಲುಗಳಿಗೆ ಧಕ್ಕೆಯಾಗಬಾರದು. ಬಲ ಮೈ ಬಲ ಯಕೃತ್ ಅಭಿಧಮನಿಯ ಗುಂಟ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಶಸ್ತ್ರಚಿಕಿತ್ಸೆಯ ಅತಿ ಅಪಾಯದ ಕ್ಷಣ ಬಲ ಮುಂಭಾಗದ ನಾಳಗುಚ್ಛವನ್ನು ಕತ್ತರಿಸುವಾಗ ಬರುತ್ತದೆ. ಹಿಂಭಾಗದ ಕವಲು ಅದರ ಬುಡದ ಹತ್ತಿರವೇ ಕೊಕ್ಕೆಯಂತೆ ಬಾಗಿ ಸಾಗುತ್ತದೆಂದು ಅಂಗರಚನಾಶಾಸ್ತ್ರಜ್ಞ ಯೋರ್ಟ್‌ಶೋ ಬಹಳ ಹಿಂದೆಯೇ ತೋರಿಸಿದ್ದರು. ಬುಡಕ್ಕೆ ತೀರ ಹತ್ತಿರ ಕಟ್ಟಿದರೆ ಯಾವ ಖಂಡಗಳನ್ನು ಉಳಿಸಲು ಇಷ್ಟೆಲ್ಲ ಮಾಡಿದೆವೋ ಅವೇ ರಕ್ತವಿಲ್ಲದೆ ಸಾಯುತ್ತವೆ. ಆದ್ದರಿಂದ ಕತ್ತರಿಸುವ ಮೊದಲು ಕ್ಲ್ಯಾಂಪ್ ಹಾಕಿ, 6 ಮತ್ತು 7ನೇ ಖಂಡಗಳಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಅಲ್ಟ್ರಾಸೌಂಡ್‌ನಲ್ಲಿ ನೋಡುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಬಲ ಹಿಂಭಾಗದ ಪಿತ್ತನಾಳ ಕೆಲವರಲ್ಲಿ ಎಡ ನಾಳವನ್ನೇ ಸೇರುತ್ತದೆ. ಇದು ಶಸ್ತ್ರಚಿಕಿತ್ಸೆಗೆ ಮುನ್ನವೇ ಎಂಆರ್‌ಐ ಚಿತ್ರದಲ್ಲಿ ಗೊತ್ತಾಗಿರಬೇಕು.

ರಕ್ತಸ್ರಾವ ತಡೆಯಲು ಪ್ರಿಂಗಲ್ 1908ರಲ್ಲಿ ವಿವರಿಸಿದ ಕ್ರಮವೇ ಇಂದಿಗೂ ಆಧಾರ: ಯಕೃತ್ತಿಗೆ ಬರುವ ರಕ್ತವನ್ನು ತಡೆಯುವುದು. ಈಗ ಸಾಮಾನ್ಯವಾಗಿ 15 ನಿಮಿಷ ತಡೆದು, 5 ನಿಮಿಷ ಬಿಡುತ್ತಾರೆ. ಅರಿವಳಿಕೆ ತಜ್ಞರು ಕೇಂದ್ರ ಅಭಿಧಮನಿಯ ಒತ್ತಡವನ್ನು ತಗ್ಗಿಸಿಟ್ಟರೆ ಯಕೃತ್ ಅಭಿಧಮನಿಗಳಿಂದ ಹಿಮ್ಮುಖವಾಗಿ ಸೋರುವ ರಕ್ತವೂ ಕಡಿಮೆಯಾಗುತ್ತದೆ. ಪಿತ್ತ ಸೋರಿಕೆಯ ಭಯ ಉಳಿದೇ ಇರುತ್ತದೆ. ಕೊಯ್ತದ ಮೈ ದೊಡ್ಡದು, ಅದೂ ನಾಳಗಳ ದ್ವಾರದ ಪಕ್ಕದಲ್ಲೇ.

ಈ ವಿಧಾನಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಅಂಚಿನದು. ಚೀನಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗವೊಂದರಲ್ಲಿ, ಒಂಟಿ ಗಡ್ಡೆಯ ಸುತ್ತ 2 ಸೆಂ.ಮೀ. ಅಂಚು ಬಿಟ್ಟು ತೆಗೆಸಿಕೊಂಡವರು 1 ಸೆಂ.ಮೀ. ಅಂಚಿನವರಿಗಿಂತ ಹೆಚ್ಚು ಕಾಲ ಬದುಕಿದರು. ನಡುಭಾಗದಲ್ಲಿ 2 ಸೆಂ.ಮೀ. ಬಿಡುವ ಜಾಗವೇ ಇರುವುದಿಲ್ಲ. ಗಡ್ಡೆಗೂ ಮುಖ್ಯ ರಕ್ತನಾಳಕ್ಕೂ ನಡುವೆ ಕೆಲವು ಮಿಲಿಮೀಟರ್ ಇದ್ದರೂ ಅದೃಷ್ಟ. ಮಿಲಾನಿನ ತೊರ್ಜಿಲಿ ಮತ್ತು ಸಂಗಡಿಗರ ಪ್ರಕಾರ, ಗೋಡೆಯನ್ನು ಭೇದಿಸದೆ ನಾಳಕ್ಕೆ ತಾಗಿಕೊಂಡಷ್ಟೇ ಇರುವ ಗಡ್ಡೆಯನ್ನು ಅದರಿಂದ ಬಿಡಿಸಿ ತೆಗೆಯಬಹುದು. ಇದರಿಂದ ಅಂಚು ಶೂನ್ಯವಾದರೂ ಅಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚುವುದಿಲ್ಲವೆಂದು ಅವರ ಅನುಭವ ಹೇಳುತ್ತದೆ. ಯಾದೃಚ್ಛಿಕ ಪ್ರಯೋಗದಷ್ಟು ತೂಕ ಇದಕ್ಕಿಲ್ಲ, ನಿಜ. ಆದರೆ ಸಿರೋಸಿಸ್ ಇರುವವರಲ್ಲಿ ಅಂಚಿಗಾಗಿ ಉಳಿಕೆಯನ್ನು ಬಲಿಕೊಡುವುದನ್ನು ಒಪ್ಪಲಾರೆ. ಅಂಚು ಕಿರಿದಾದರೆ ಮರುಕಳಿಕೆಯ ಸಂಭವ ಏರುತ್ತದೆ. ಉಳಿಕೆ ಸಾಲದಾದರೆ ರೋಗಿ ಕೆಲವೇ ವಾರಗಳಲ್ಲಿ ಯಕೃತ್ ವೈಫಲ್ಯಕ್ಕೆ ಬಲಿಯಾಗುತ್ತಾನೆ.

ಛೇದನದ ನಂತರ ಐದು ವರ್ಷಗಳೊಳಗೆ ಸುಮಾರು ಶೇ. 70 ಮಂದಿಯಲ್ಲಿ ಈ ಕ್ಯಾನ್ಸರ್ ಮರಳುತ್ತದೆ, ಬಹುಪಾಲು ಯಕೃತ್ತಿನಲ್ಲೇ. ಮರುಛೇದನವಾಗಲಿ, ಸೂಜಿಯಿಂದ ಗಡ್ಡೆ ಸುಡುವುದಾಗಲಿ ಸಾಧ್ಯವಾಗುವುದು ಮೊದಲ ಸಲ ಸಾಕಷ್ಟು ಯಕೃತ್ತು ಉಳಿದಿದ್ದರೆ. ಹಾಗಾಗಿ ಮಧ್ಯ ಛೇದನದ ಪ್ರತಿ ವರದಿಯಲ್ಲೂ ಅಂಚಿನ ಅಳತೆಯ ಜೊತೆಗೆ ಮೂರು ಸಂಗತಿಗಳು ಕಡ್ಡಾಯವಾಗಿ ಬರಬೇಕು: ಉಳಿದ ಭಾಗದ ಗಾತ್ರ, ಇಂಡೋಸಯನೀನ್ ಗ್ರೀನ್ ಪರೀಕ್ಷೆಯಲ್ಲಿ 15ನೇ ನಿಮಿಷಕ್ಕೆ ರಕ್ತದಲ್ಲಿ ಉಳಿದ ಬಣ್ಣದ ಪ್ರಮಾಣ, ಮತ್ತು ಮರುಕಳಿಸಿದವರಲ್ಲಿ ಎಷ್ಟು ಮಂದಿಗೆ ಎರಡನೇ ಚಿಕಿತ್ಸೆ ಕೊಡಲಾಯಿತು ಎಂಬುದು.